32×32 ಮ್ಯಾಟ್ರಿಕ್ಸ್ ಸ್ವಿಚರ್: ಇಡೀ ಚಾಸಿ ಬದಲಿಸಲೇಬೇಕಾ? ಕಂಟ್ರೋಲ್ ರೂಮ್ ಗೊತ್ತಿರುವವರು ಹೇಳಿ

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಎವಿ (ಆಡಿಯೋ, ವಿಡಿಯೋ) ನನ್ನ ಕೆಲಸ ಅಲ್ಲ. ಆದರೆ ಪ್ಲಗ್ ಇರೋ ವಸ್ತು ಯಾವುದು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ, ಹಾಗಾಗಿ ಕಂಟ್ರೋಲ್ ರೂಮಿನ ವಿಡಿಯೋ ವಾಲ್ ಕೂಡ ನನ್ನ ತಲೆಗೇ ಬಂದಿದೆ.

ಇರುವುದು ಇಷ್ಟು. ರ‍್ಯಾಕ್‌ನಲ್ಲಿ ಕಾರ್ಡ್ ಹಾಕುವ ಮಾದರಿಯ ಒಂದು 32×32 ಮ್ಯಾಟ್ರಿಕ್ಸ್, ಅಂದರೆ 32 ಕಡೆಯಿಂದ ಬರುವ ಚಿತ್ರಗಳಲ್ಲಿ ಯಾವುದನ್ನು ಬೇಕಾದರೂ 32 ಪರದೆಗಳಲ್ಲಿ ಯಾವುದಕ್ಕೆ ಬೇಕಾದರೂ ಕಳಿಸುವ ಸ್ವಿಚ್. ಕಾರ್ಡ್‌ಗಳು ಕೂರುವ ಪೆಟ್ಟಿಗೆಯೇ ಚಾಸಿ. ಒಳಗೆ ಬರುವವು 20: ಸ್ಕಾಡಾ (ಪ್ಲಾಂಟ್ ನೋಡಿಕೊಂಡು ನಿಯಂತ್ರಿಸುವ ಸಾಫ್ಟ್‌ವೇರ್) ಪಿಸಿ 8, ಸಿಸಿಟಿವಿ ರೆಕಾರ್ಡರ್ 6, ಸೆಟ್‌ಟಾಪ್ ಬಾಕ್ಸ್ 2, ಮೇಜಿನ ಮೇಲೆ ಲ್ಯಾಪ್‌ಟಾಪ್ ಸಾಕೆಟ್ 3, ವಿಡಿಯೋ ಕಾನ್ಫರೆನ್ಸ್ 1. ಹೊರಗೆ ಹೋಗುವವು 18: ಗೋಡೆಯ ಮೇಲೆ 4×3 ಜೋಡಿಸಿದ 12 ಪ್ಯಾನೆಲ್, ಅಧಿಕಾರಿಗಳ ಕೋಣೆಗಳಲ್ಲಿ 4 ಟಿವಿ, ಒಂದು ಪ್ರೊಜೆಕ್ಟರ್, ವಾಪಸ್ ವಿಡಿಯೋ ಕಾನ್ಫರೆನ್ಸ್‌ಗೆ ಒಂದು. ರ‍್ಯಾಕ್‌ನಿಂದ ಗೋಡೆಗೆ ಸುಮಾರು 35 ಮೀಟರ್, ಎಚ್‌ಡಿ ಬೇಸ್-ಟಿ (ಲ್ಯಾನ್ ಕೇಬಲ್‌ನಲ್ಲಿ ವಿಡಿಯೋ ಕಳಿಸುವ ಪದ್ಧತಿ).

ತೊಂದರೆ ನಾಲ್ಕು. ಒಂದು, ಏನನ್ನೇ ಬದಲಿಸಿದರೂ ಗೋಡೆ 3-4 ಸೆಕೆಂಡ್ ಕಪ್ಪಾಗುತ್ತದೆ, ಆಮೇಲೆ ಮಗುವಿಗೆ ಹಲ್ಲು ಬಂದ ಹಾಗೆ ಒಂದೊಂದೇ ಪ್ಯಾನೆಲ್ ಹೊತ್ತಿಕೊಳ್ಳುತ್ತದೆ. ಎರಡು, ನ್ಯೂಸ್ ಚಾನೆಲ್ ನಾಲ್ಕು ಪರದೆಗೆ ಹಾಕಿದರೆ ಚೆನ್ನಾಗಿ ಬರುತ್ತದೆ, ಐದನೆಯದಕ್ಕೆ ಹಾಕಿದ ಕೂಡಲೇ ಐದೂ ಢಮಾರ್. ಮೂರು, ಆರನೇ ಸ್ಕಾಡಾ ಪಿಸಿ ಕೆಲವು ದಿನ ಬೆಳಿಗ್ಗೆ 1024×768ಕ್ಕೆ ಇಳಿದು ಕೂತಿರುತ್ತದೆ. ನಾಲ್ಕು, ಮಧ್ಯಾಹ್ನ ದೊಡ್ಡ ಕಂಪ್ರೆಸರ್ ಶುರುವಾದಾಗ 7 ಮತ್ತು 8ನೇ ಪ್ಯಾನೆಲ್ ಮಿಣುಕುತ್ತವೆ.

ಹಾಕಿಕೊಟ್ಟವರು ಬಂದು ನೋಡಿದರು. "ಮ್ಯಾಟ್ರಿಕ್ಸ್ ಹಳೆಯದಾಯಿತು ಸರ್, ಚಾಸಿ ಬದಲಿಸಿ, ಇಲ್ಲವಾದರೆ ಎಲ್ಲವನ್ನೂ ಐಪಿಗೆ ಹಾಕಿ" ಅಂದರು, ಅಂದರೆ ವಿಡಿಯೋ ಎಲ್ಲ ಕಂಪ್ಯೂಟರ್ ನೆಟ್‌ವರ್ಕ್ ಮೇಲೆ. ಕೊಟೇಶನ್ ನೋಡಿ ನಮ್ಮ ಮ್ಯಾನೇಜರ್ ಕುರ್ಚಿಯಿಂದ ಎದ್ದು ನಿಂತರು. 15 ದಿನದಲ್ಲಿ ನಾನು ಏನಾದರೂ ಉತ್ತರ ಕೊಡಬೇಕು.

ಗುಂಡ32

ಆಫ್ ಮಾಡಿ ಆನ್ ಮಾಡಿ ನೋಡಿದ್ರಾ ಗುರು?

ಬೆಣ್ಣೆದೋಸೆ_ದಾವಣಗೆರೆ

ಎಂಟು ಸಲ.

ಪದ್ಮ_ಪ್ಯಾಚ್‌ಕಾರ್ಡ್

ನಿಮ್ಮ ನಾಲ್ಕು ತೊಂದರೆಗೂ ಕಾರಣ ಬೇರೆ ಬೇರೆ. ನಾಲ್ಕನ್ನೂ ಒಂದೇ ಮೂಟೆಗೆ ಕಟ್ಟಿ "ಚಾಸಿ ಹಳೆಯದು" ಅಂದವರು ರ‍್ಯಾಕ್‌ನ ಬಾಗಿಲು ತೆರೆದೇ ಇಲ್ಲ ಅನ್ನಿಸುತ್ತದೆ. ನಾನು ಬೆಂಗಳೂರಿನಲ್ಲಿ 14 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮ್ಯಾಟ್ರಿಕ್ಸ್ ನಿಜವಾಗಿ ಸತ್ತದ್ದನ್ನು ನೋಡಿದ್ದು ಬೆರಳೆಣಿಕೆಯಷ್ಟು ಸಲ. ಅದರಲ್ಲೂ ಹೆಚ್ಚಿನವು ಫ್ಯಾನ್ ಅಥವಾ ಪವರ್ ಸಪ್ಲೈ.

ಪಿಸಿಯಿಂದ ಶುರು ಮಾಡೋಣ, ಅದು ಸುಲಭ. ಪ್ರತಿ ಪರದೆಯಲ್ಲೂ ಇಡಿಐಡಿ ಅಂತ ಒಂದು ಪುಟ್ಟ ಜಾತಕ ಇರುತ್ತದೆ. ಮೂಲ ಭಾಗ 128 ಬೈಟ್, ಎಚ್‌ಡಿಎಂಐ ಪರದೆಗಳಲ್ಲಿ ಸಾಮಾನ್ಯವಾಗಿ 256. ನಾನು ಇಷ್ಟು ಅಗಲ, ಇಷ್ಟು ಎತ್ತರ, ಇಷ್ಟು ಹರ್ಟ್ಜ್, ಇಂಥ ಶಬ್ದ ಅಂತ ಅದರಲ್ಲಿ ಬರೆದಿರುತ್ತದೆ. ಪಿಸಿ ಅದನ್ನು ಎಚ್‌ಡಿಎಂಐ ಕನೆಕ್ಟರಿನ 15 ಮತ್ತು 16ನೇ ಪಿನ್ ಮೂಲಕ ಓದಿಕೊಂಡು ತನ್ನ ಚಿತ್ರದ ಅಳತೆ ತೀರ್ಮಾನಿಸುತ್ತದೆ. ನಡುವೆ ಮ್ಯಾಟ್ರಿಕ್ಸ್ ಇದ್ದರೆ ಪಿಸಿಗೆ ಪರದೆ ಕಾಣುವುದೇ ಇಲ್ಲ, ಮ್ಯಾಟ್ರಿಕ್ಸ್ ತೋರಿಸಿದ ಜಾತಕವೇ ಅದಕ್ಕೆ ಸತ್ಯ. ಆ ಇನ್‌ಪುಟ್‌ನಲ್ಲಿ "ಯಾವುದೋ ಔಟ್‌ಪುಟ್‌ನಿಂದ ನಕಲು ಮಾಡು" ಅಂತ ಸೆಟ್ಟಿಂಗ್ ಇದ್ದು, ಆ ಔಟ್‌ಪುಟ್‌ನ ಟಿವಿಯನ್ನು ರಾತ್ರಿ ಯಾರಾದರೂ ಗೋಡೆಯ ಸ್ವಿಚ್‌ನಲ್ಲೇ ಆರಿಸಿ ಹೋದರೆ, ಬೆಳಿಗ್ಗೆ ಪಿಸಿ ಕಣ್ಣು ಬಿಟ್ಟಾಗ ಓದೋಕೆ ಜಾತಕವೇ ಸಿಗುವುದಿಲ್ಲ. ಆಗ 1024×768ಕ್ಕೆ ಬಂದು ಕೂರುತ್ತದೆ.

ನಿಮ್ಮ ಮ್ಯಾಟ್ರಿಕ್ಸ್‌ನ ವೆಬ್ ಪುಟದಲ್ಲಿ ಇಡಿಐಡಿ ಪಟ್ಟಿ ಇರುತ್ತದೆ. ಅದರ ಫೋಟೋ ಹಾಕಿ.

ಬೆಣ್ಣೆದೋಸೆ_ದಾವಣಗೆರೆ

ಮೇಡಂ, ನೋಡಿದೆ. 19 ಇನ್‌ಪುಟ್‌ನಲ್ಲಿ "ಸ್ಥಿರ 1080ಪಿ 60" ಅಂತ ಇದೆ. ಆರನೆಯದರಲ್ಲಿ ಮಾತ್ರ "ಔಟ್‌ಪುಟ್ 15ರ ನಕಲು". ಔಟ್‌ಪುಟ್ 15 ಯಾವುದು ಗೊತ್ತಾ? ನಮ್ಮ ಜಿಎಂ ಕೋಣೆಯ ಟಿವಿ. ಅವರು ಮನೆಗೆ ಹೋಗುವಾಗ ಕರೆಂಟ್ ಉಳಿಸಬೇಕು ಅಂತ ಮೇನ್ ಸ್ವಿಚ್ಚೇ ಆರಿಸುತ್ತಾರೆ. ಅವರು ಆರಿಸಲು ಮರೆತ ಮರುದಿನ ಮಾತ್ರ ಪಿಸಿ ಸರಿ ಇರುತ್ತಿತ್ತು!

ಪದ್ಮ_ಪ್ಯಾಚ್‌ಕಾರ್ಡ್

😂 ಒಂದು ಮುಗಿಯಿತು. ಅದನ್ನೂ ಸ್ಥಿರ ಮಾಡಿ. ಜಿಎಂಗೆ ಏನೂ ಹೇಳಬೇಡಿ, ಕರೆಂಟ್ ಉಳಿಸಲಿ ಪಾಪ.

ಬಿಎನ್‌ಸಿ_ಬಸಣ್ಣ

ನಾನು ಟಿವಿ ಚಾನೆಲ್ ಕಡೆಯವನು ನೋಡ್ರಿ. ಮೊದಲನೇ ತೊಂದರೆ ಬಗ್ಗೆ, ಅದೇ ಆ ಕಪ್ಪು ಪರದೆ ಬಗ್ಗೆ ಹೇಳುತ್ತೇನೆ. ನಮ್ಮ ಸ್ಟುಡಿಯೋದಲ್ಲೂ ಮ್ಯಾಟ್ರಿಕ್ಸ್ ಇದೆ, ನಾವು ಅದನ್ನು ರೂಟರ್ ಅಂತೀವಿ, ಮನೆಯ ವೈಫೈ ರೂಟರ್ ಅಲ್ಲ ಮತ್ತೆ. ನಮ್ಮಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಒಂದು ಫ್ರೇಮ್ ಕೂಡ ಕಪ್ಪಾಗುವುದಿಲ್ಲ. ಯಾಕೆ ಅಂದರೆ ಎಲ್ಲ ಕ್ಯಾಮರಾ, ಎಲ್ಲ ಸರ್ವರ್ ಒಂದೇ ತಾಳಕ್ಕೆ ಕುಣಿಯುತ್ತವೆ. ಒಂದು ಮಾಸ್ಟರ್ ಸಿಂಕ್ ಜನರೇಟರ್ ಇರುತ್ತದೆ, ಅದು ಹೇಳಿದ ಗಳಿಗೆಗೇ ಎಲ್ಲರೂ ಹೊಸ ಫ್ರೇಮ್ ಶುರು ಮಾಡಬೇಕು. ಎರಡು ಫ್ರೇಮ್‌ಗಳ ನಡುವೆ ಚಿತ್ರ ಇಲ್ಲದ ಕೆಲವು ಗೆರೆಗಳಿರುತ್ತವೆ, ರೂಟರ್ ಸರಿಯಾಗಿ ಅಲ್ಲೇ ಬದಲಿಸುತ್ತದೆ. ನೋಡುವವನಿಗೆ ಗೊತ್ತೇ ಆಗುವುದಿಲ್ಲ.

ನಿಮ್ಮ ಪಿಸಿ, ಸೆಟ್‌ಟಾಪ್ ಬಾಕ್ಸ್, ರೆಕಾರ್ಡರ್ ಇವೆಲ್ಲ ಒಬ್ಬೊಬ್ಬರದು ಒಂದೊಂದು ತಾಳ. ಬದಲಿಸಿದಾಗ ಪರದೆ ಹಳೆಯ ತಾಳ ಬಿಟ್ಟು ಹೊಸದನ್ನು ಹಿಡಿಯಬೇಕು. ಅದರ ಮೇಲೆ ಎಚ್‌ಡಿಸಿಪಿ (ಚಿತ್ರ ನಕಲು ಮಾಡದಂತೆ ಹಾಕಿದ ಬೀಗ) ಕೈಕುಲುಕಾಟ ಬೇರೆ. ನಮ್ಮ ಸ್ಟುಡಿಯೋಗಳ ವಿಡಿಯೋ ಪದ್ಧತಿ ಎಸ್‌ಡಿಐ. ಅದರಲ್ಲಿ ಇಡಿಐಡಿಯೂ ಇಲ್ಲ, ಎಚ್‌ಡಿಸಿಪಿಯೂ ಇಲ್ಲ. ಒಂದು ಕೋಆಕ್ಸ್ ವೈರು, ತುದಿಯ ಬಿಎನ್‌ಸಿ ಕನೆಕ್ಟರ್ ತಿರುಗಿಸಿದರೆ ಟಕ್ ಅಂತ ಕೂರುತ್ತದೆ, ಯಾರು ಎಡವಿದರೂ ಕಿತ್ತು ಬರುವುದಿಲ್ಲ. ಎಚ್‌ಡಿಎಂಐ ಕನೆಕ್ಟರ್ ಮಾಡಿದವನು ರ‍್ಯಾಕ್ ಹಿಂದೆ ಒಂದು ದಿನ ಮಲಗಿ ಕೆಲಸ ಮಾಡಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಗುಂಡ32

ಹಾಗಾದರೆ ಇವರೂ ಎಸ್‌ಡಿಐಗೆ ಹೋಗಬಹುದಲ್ವಾ ಬಸಣ್ಣ?

ಬಿಎನ್‌ಸಿ_ಬಸಣ್ಣ

ಪಿಸಿಯಿಂದ ಎಸ್‌ಡಿಐ ಹೊರಗೆ ಬರುವುದಿಲ್ಲ ತಮ್ಮಾ. 20 ಕನ್ವರ್ಟರ್ ಆ ಕಡೆ, 18 ಈ ಕಡೆ, ಅಷ್ಟಕ್ಕೂ ಒಂದೊಂದು ಅಡಾಪ್ಟರ್, ಅಡಾಪ್ಟರಿಗೆಲ್ಲ ಸ್ಪೈಕ್ ಬಸ್ಟರ್. ಅದಕ್ಕಿಂತ ನರಕ ಬೇರೆ ಇಲ್ಲ. ಮೇಲಾಗಿ ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಸಿಪಿ ಇರುವ ಚಿತ್ರ ಎಸ್‌ಡಿಐಗೆ ಹೋಗುವುದೂ ಇಲ್ಲ.

ಪದ್ಮ_ಪ್ಯಾಚ್‌ಕಾರ್ಡ್

ಬಸಣ್ಣ ಹೇಳಿದ್ದು ಸರಿ. ಎಚ್‌ಡಿಎಂಐ ಲೋಕದಲ್ಲಿ ಕಪ್ಪು ತಪ್ಪಿಸಬೇಕಾದರೆ ಪ್ರತಿ ಔಟ್‌ಪುಟ್‌ನಲ್ಲೂ ಸ್ಕೇಲರ್ ಬೇಕು. ಅದು ಬರುವ ಚಿತ್ರವನ್ನು ಒಂದು ಫ್ರೇಮ್ ಹಿಡಿದಿಟ್ಟುಕೊಂಡು ಪರದೆಗೆ ಯಾವಾಗಲೂ ಒಂದೇ ತಾಳದಲ್ಲಿ ಕೊಡುತ್ತದೆ. ಹಿಂದೆ ಏನು ಬದಲಾದರೂ ಪರದೆಗೆ ಗೊತ್ತಾಗುವುದಿಲ್ಲ. ಬೆಲೆ ಎರಡು ರೀತಿ ಕೊಡಬೇಕು: ದುಡ್ಡು, ಮತ್ತೆ ತಡ. 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ಸಿಸಿಟಿವಿ ನೋಡುವವನಿಗೆ ಅದು ಲೆಕ್ಕಕ್ಕಿಲ್ಲ. ಅದೇ ಪರದೆ ನೋಡಿಕೊಂಡು ಮೌಸ್ ಆಡಿಸುವವನಿಗೆ ಎರಡು ಮೂರು ಫ್ರೇಮ್ ಸೇರಿದರೆ ಮೌಸ್ ಜೇನುತುಪ್ಪದಲ್ಲಿ ಓಡಾಡಿದ ಹಾಗೆ ಅನ್ನಿಸುತ್ತದೆ.

ನಿಮ್ಮ ರೂಮಿನಲ್ಲಿ ಒಂದು ಪಾಳಿಯಲ್ಲಿ ಎಷ್ಟು ಸಲ ಗೋಡೆ ಬದಲಿಸುತ್ತೀರಿ? ನಾಲ್ಕೈದು ಸಲವಾ? ಹಾಗಿದ್ದರೆ 3 ಸೆಕೆಂಡ್ ಕಪ್ಪಿಗೆ ಲಕ್ಷಗಟ್ಟಲೆ ಸುರಿಯಬೇಡಿ. ಇದು ನನ್ನ ಅಭಿಪ್ರಾಯ, ಮಾರುವವರು ಒಪ್ಪುವುದಿಲ್ಲ.

ಇನ್ನೊಂದು ಪ್ರಶ್ನೆ. ಗೋಡೆಗೆ 12 ಔಟ್‌ಪುಟ್ ನೇರ ಹೋಗುತ್ತಿವೆ ಅಂದಿರಿ. ಇಡೀ ಗೋಡೆಗೆ ಒಂದೇ ಚಿತ್ರ ಬೇಕಾದಾಗ ಹೇಗೆ ಮಾಡುತ್ತೀರಿ?

ಬೆಣ್ಣೆದೋಸೆ_ದಾವಣಗೆರೆ

ಅದೇ ಇನ್‌ಪುಟ್‌ನ್ನು 12ಕ್ಕೂ ಕೊಡುತ್ತೇವೆ. ಪ್ರತಿ ಪ್ಯಾನೆಲ್ ತನ್ನ ಪಾಲಿನ ತುಂಡನ್ನು ಹಿಗ್ಗಿಸಿ ತೋರಿಸುತ್ತದೆ. ಪ್ಯಾನೆಲ್ ಒಳಗೇ ಆ ಸೆಟ್ಟಿಂಗ್ ಇದೆ.

ಪದ್ಮ_ಪ್ಯಾಚ್‌ಕಾರ್ಡ್

ಹಾಗಾದರೆ ಅಕ್ಷರ ಮಸುಕಾಗಿ ಕಾಣುತ್ತದೆ, ವೃತ್ತಗಳು ಮೊಟ್ಟೆಯ ಹಾಗೆ ಕಾಣುತ್ತವೆ. ಸರಿನಾ?

ಬೆಣ್ಣೆದೋಸೆ_ದಾವಣಗೆರೆ

ಮೇಡಂ ನೀವು ನಮ್ಮ ರೂಮಿಗೆ ಬಂದಿದ್ರಾ? ಟ್ಯಾಂಕ್ ಚಿತ್ರಗಳೆಲ್ಲ ಕುಂಬಳಕಾಯಿ ಹಾಗಿವೆ.

ಪದ್ಮ_ಪ್ಯಾಚ್‌ಕಾರ್ಡ್

ಬರಬೇಕಾಗಿಲ್ಲ, ಲೆಕ್ಕ ಹಾಕಿದರೆ ಸಾಕು. 12 ಪ್ಯಾನೆಲ್, ತಲಾ 1920×1080. ಗೋಡೆಯ ಒಟ್ಟು ಅಳತೆ 7680×3240, ಅಂದರೆ ಸುಮಾರು 2.49 ಕೋಟಿ ಪಿಕ್ಸೆಲ್. ನೀವು ಕೊಡುತ್ತಿರುವುದು ಸುಮಾರು 20.7 ಲಕ್ಷ ಪಿಕ್ಸೆಲ್‌ನ ಒಂದು ಚಿತ್ರ. ಒಂದು ಸೇರು ಅಕ್ಕಿಯಲ್ಲಿ ಹನ್ನೆರಡು ಸೇರಿನ ಅನ್ನ ಬಡಿಸಿದ ಹಾಗೆ. 4ಕೆ ಚಿತ್ರ ಕೊಟ್ಟರೂ ಮೂರನೇ ಒಂದು ಭಾಗವಷ್ಟೇ ತುಂಬುತ್ತದೆ. ಮೊಟ್ಟೆ ಆಕಾರಕ್ಕೆ ಕಾರಣ 4×3 ಅನ್ನುವ ಜೋಡಣೆ. 16:9 ಪ್ಯಾನೆಲ್‌ಗಳನ್ನು 3×3 ಅಥವಾ 4×4 ಇಟ್ಟರೆ ಗೋಡೆಯೂ 16:9 ಆಗಿಯೇ ಉಳಿಯುತ್ತದೆ, 4×3 ಇಟ್ಟರೆ 64:27 ಆಗುತ್ತದೆ. ಅಲ್ಲಿಗೆ 16:9 ಚಿತ್ರ ಹಿಗ್ಗಿಸಿದರೆ ಅಡ್ಡಕ್ಕೆ ಎಳೆಯುತ್ತದೆ. ಇದನ್ನು ಗೋಡೆಗೆ ಮೊಳೆ ಹೊಡೆಯುವ ಮೊದಲು ಯಾರೂ ಹೇಳುವುದಿಲ್ಲ, "12 ಪ್ಯಾನೆಲ್‌ಗೆ ಬಜೆಟ್ ಇದೆ" ಅಂದರೆ 12 ನೇತು ಹಾಕಿ ಹೋಗುತ್ತಾರೆ.

ಮ್ಯಾಟ್ರಿಕ್ಸ್ ಚಿತ್ರವನ್ನು ಕತ್ತರಿಸುವುದಿಲ್ಲ, ಜೋಡಿಸುವುದಿಲ್ಲ. ಯಾವ ನೀರು ಯಾವ ಕಾಲುವೆಗೆ ಅನ್ನುವ ತೂಬು ಅದು, ಅಷ್ಟೇ. ಕತ್ತರಿಸಿ ಜೋಡಿಸಲು ವಾಲ್ ಪ್ರೊಸೆಸರ್ ಬೇರೆ ಬೇಕು. ನೀವು ಖರ್ಚು ಮಾಡಲೇಬೇಕು ಅಂದರೆ ಅಲ್ಲಿ ಮಾಡಿ: ಮ್ಯಾಟ್ರಿಕ್ಸ್‌ನ 8 ಔಟ್‌ಪುಟ್ ಪ್ರೊಸೆಸರಿಗೆ, ಪ್ರೊಸೆಸರ್‌ನಿಂದ 12 ಗೋಡೆಗೆ. ಆಗ ಎಂಟು ಕಿಟಕಿಗಳನ್ನು ಬೇಕಾದ ಅಳತೆಯಲ್ಲಿ ಬೇಕಾದ ಕಡೆ ಇಡಬಹುದು. ಕಪ್ಪಾಗುವ ತೊಂದರೆಯೂ ಹೆಚ್ಚು ಕಡಿಮೆ ಹೋಗುತ್ತದೆ, ಪ್ಯಾನೆಲ್‌ಗಳು ಪ್ರೊಸೆಸರ್‌ನ ತಾಳಕ್ಕೇ ಕಾಯಂ ಅಂಟಿಕೊಂಡಿರುತ್ತವೆ.

ಸ್ಟ್ರೋಜರ್_ತಾತ

ಮಕ್ಕಳೇ, ನಾನು ಟೆಲಿಫೋನ್ ಇಲಾಖೆಯಿಂದ ನಿವೃತ್ತ. ಮ್ಯಾಟ್ರಿಕ್ಸ್ ಒಳಗಿನ ಸಂಪರ್ಕ ಬಿಂದುವಿಗೆ ಕ್ರಾಸ್‌ಪಾಯಿಂಟ್ ಅನ್ನುವ ಪದ ನೋಡಿದಾಗಲೆಲ್ಲ ಖುಷಿಯಾಗುತ್ತದೆ, ಅದು ನಮ್ಮ ಮನೆಯ ಪದ. ನಮ್ಮ ಕ್ರಾಸ್‌ಬಾರ್ ಎಕ್ಸ್‌ಚೇಂಜ್‌ನಲ್ಲಿ ಅಡ್ಡ ಪಟ್ಟಿ, ಉದ್ದ ಪಟ್ಟಿ, ಎರಡೂ ಸೇರುವ ಕಡೆ ಒಂದು ಸಂಪರ್ಕ. ನಿಮ್ಮ 32×32 ಅಂದರೆ 1024 ಸಂಪರ್ಕ ಬಿಂದು. 64×64 ಮಾಡಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 4096. ದೊಡ್ಡ ಮ್ಯಾಟ್ರಿಕ್ಸ್‌ಗಳ ಬೆಲೆ ಹಾಗೆ ಏರುವುದಕ್ಕೆ ಇದೂ ಒಂದು ಕಾರಣ.

1953ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋಸ್ ಒಂದು ಲೆಕ್ಕ ತೋರಿಸಿಕೊಟ್ಟರು. ಒಂದೇ ದೊಡ್ಡ ಚೌಕದ ಬದಲು ಸಣ್ಣ ಸಣ್ಣ ಚೌಕಗಳನ್ನು ಮೂರು ಹಂತದಲ್ಲಿ ಜೋಡಿಸು, ನಡುವಿನ ಹಂತದಲ್ಲಿ ಸಾಕಷ್ಟು ದಾರಿ ಬಿಡು, ಆಗ ಯಾರ ಕರೆಯೂ ಯಾರಿಗೂ ಅಡ್ಡ ಬರುವುದಿಲ್ಲ. ಸಾಕಷ್ಟು ಅಂದರೆ, ಮೊದಲ ಹಂತದ ಒಂದು ಚೌಕಕ್ಕೆ 6 ತಂತಿ ಬಂದರೆ ನಡುವೆ ಅದರ ಎರಡು ಪಟ್ಟಿಗೆ ಒಂದು ಕಡಿಮೆ, ಅಂದರೆ 11 ಚೌಕ. ಕಾಗದ ಪೆನ್ನು ತಗೊಂಡು ನೋಡಿ. 16 ತಂತಿಗೆ ಒಂದೇ ಚೌಕವಾದರೆ 256 ಬಿಂದು, ಮೂರು ಹಂತವಾದರೆ 336, ನಷ್ಟ. 36 ತಂತಿಗೆ 1296 ಎದುರು 1188, ಈಗ ಲಾಭ ಶುರು. 144ಕ್ಕೆ 20736 ಎದುರು 9936. ಅರ್ಧಕ್ಕಿಂತ ಕಡಿಮೆ!

ಗುಂಡ32

ತಾತಾ, ಹಾಗಾದರೆ ನಾಲ್ಕು 16×16 ಅಗ್ಗದ ಪೆಟ್ಟಿಗೆ ಕೊಂಡು ಜೋಡಿಸಿದರೆ 32×32 ಆಗುತ್ತದಾ?

ಸ್ಟ್ರೋಜರ್_ತಾತ

ಬಿಂದುಗಳ ಲೆಕ್ಕದಲ್ಲಿ ನಾಲ್ಕು 16×16 ಸೇರಿದರೆ 1024 ಹೌದು. ಆದರೆ ಪ್ರತಿ ಇನ್‌ಪುಟ್‌ನ್ನೂ ಎರಡು ಪೆಟ್ಟಿಗೆಗೆ ಒಡೆಯಬೇಕು, ಪ್ರತಿ ಪರದೆಯ ಮುಂದೆ ಎರಡರಲ್ಲಿ ಒಂದನ್ನು ಆರಿಸುವ ಇನ್ನೊಂದು ಸ್ವಿಚ್ ಇಡಬೇಕು. 32 ಸ್ಪ್ಲಿಟರ್, 32 ಸ್ವಿಚ್, ಅವುಗಳ ವೈರು. ಉಳಿಸಿದ ದುಡ್ಡಿಗೆ ಎರಡರಷ್ಟು ತಲೆನೋವು.

ಇನ್ನೊಂದು ಮಾತು. ಫೋನಿನಲ್ಲಿ ಒಬ್ಬ ಒಬ್ಬನ ಜೊತೆ ಮಾತಾಡುತ್ತಾನೆ. ವಿಡಿಯೋದಲ್ಲಿ ಒಂದೇ ಮೂಲ ಹನ್ನೆರಡು ಪರದೆಗೆ ಹೋಗಬೇಕು. ಕ್ಲೋಸ್ ಅವರ ಆ ಸೂತ್ರ ಒಬ್ಬನಿಂದ ಒಬ್ಬನಿಗೆ ಮಾತ್ರ. ಹಂಚಿಕೆ ಬಂದರೆ ನಡುವಿನ ದಾರಿಗಳು ಇನ್ನೂ ಜಾಸ್ತಿ ಬೇಕು. ಹಾಗಾಗಿ ದೊಡ್ಡ ಮ್ಯಾಟ್ರಿಕ್ಸ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ: ಯಾವುದೇ ಇನ್‌ಪುಟ್ ಎಲ್ಲ ಔಟ್‌ಪುಟ್‌ಗೂ ಒಟ್ಟಿಗೆ, ಉಳಿದವರಿಗೆ ಅಡ್ಡಿಯಾಗದೆ ಹೋಗುತ್ತದಾ? ಈಗ ಒಂದೇ ಚಿಪ್‌ನಲ್ಲಿ 144×144 ಬರುತ್ತದೆ, ನಮ್ಮ ಕಾಲದಲ್ಲಿ ಅದಕ್ಕೆ ಒಂದು ಕೋಣೆ ಬೇಕಿತ್ತು. ಮಳೆಗಾಲದಲ್ಲಿ ಸಂಪರ್ಕ ಬಿಂದುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದೆವು.

ಸೀನ_ಸಿಂಗಪುರ

ತಾತಾ ಸೂಪರ್. ಐಪಿ ಕಡೆಯಿಂದ ನಾನು ಒಂದು ಮಾತು ಸೇರಿಸುತ್ತೇನೆ, ನಾನು ಇಲ್ಲಿ ಅದನ್ನೇ ಮಾಡೋದು.

"ಐಪಿಗೆ ಹಾಕಿ" ಅನ್ನುವುದು ತಪ್ಪಲ್ಲ, ಆದರೆ ಅದು ಮ್ಯಾಟ್ರಿಕ್ಸ್ ಬಿಡುವುದಲ್ಲ. ನೆಟ್‌ವರ್ಕ್ ಸ್ವಿಚ್ಚೇ ಮ್ಯಾಟ್ರಿಕ್ಸ್ ಆಗುತ್ತದೆ, ಅಷ್ಟೇ. ಚಿತ್ರವನ್ನು ನೆಟ್‌ವರ್ಕ್‌ಗೆ ಹಾಕಲು ಪ್ರತಿ ಮೂಲಕ್ಕೂ ಒಂದು ಎನ್‌ಕೋಡರ್, ವಾಪಸ್ ತೆಗೆಯಲು ಪ್ರತಿ ಪರದೆಗೂ ಒಂದು ಡಿಕೋಡರ್. 4ಕೆ 60, ಪೂರ್ತಿ ಬಣ್ಣ ಅಂದರೆ ಬರೀ ಚಿತ್ರದ ಪಿಕ್ಸೆಲ್‌ಗೇ ಸೆಕೆಂಡಿಗೆ ಸುಮಾರು 12 ಗಿಗಾಬಿಟ್. ಎಚ್‌ಡಿಎಂಐ ತಂತಿಯ ಮೇಲೆ ಅದು 17.82 ಆಗುತ್ತದೆ, 2013ರಲ್ಲಿ ಬಂದ ಎಚ್‌ಡಿಎಂಐ 2.0ರ 18 ಗಿಗಾಬಿಟ್ ಅನ್ನುವ ಮಿತಿ ಬಂದದ್ದು ಹಾಗೆ. ಎಸ್‌ಡಿವಿಒಇ ಅನ್ನುವ ಪದ್ಧತಿ 10 ಗಿಗಾಬಿಟ್ ನೆಟ್‌ವರ್ಕ್ ಮೇಲೆ ಓಡುತ್ತದೆ, ಆ 12ನ್ನು ಸ್ವಲ್ಪವೇ ಕುಗ್ಗಿಸಿ ತೂರಿಸುತ್ತದೆ. 1 ಗಿಗಾಬಿಟ್‌ನಲ್ಲಿ ಓಡುವ ಪದ್ಧತಿಗಳು ಜೆಪೆಗ್ 2000 ಥರದ ಕೋಡೆಕ್‌ನಿಂದ ಇನ್ನೂ ಜಾಸ್ತಿ ಕುಗ್ಗಿಸುತ್ತವೆ. ಸ್ಕಾಡಾ ಪರದೆಯ ಸಣ್ಣ ಕೆಂಪು ಅಕ್ಷರ ಅಲ್ಲಿ ಹೇಗೆ ಕಾಣುತ್ತದೆ ಅಂತ ಡೆಮೊ ಕೇಳಿ ನೋಡಿ. ಡೆಮೊದಲ್ಲಿ ಅವರ ಹೂವು, ಗಿಳಿ ವಿಡಿಯೋ ಬೇಡ, ನಿಮ್ಮ ಸ್ಕಾಡಾ ಪುಟವನ್ನೇ ಹಾಕಿಸಿ.

ಸ್ವಿಚ್ ಒಂದೇ ಇದ್ದಾಗ ಎಲ್ಲ ಸಲೀಸು. ಎರಡು ಸ್ವಿಚ್ ಆಗಿ ನಡುವೆ ಒಂದೇ 40 ಗಿಗಾಬಿಟ್ ಲಿಂಕ್ ಹಾಕಿದರೆ, 10 ಗಿಗಾಬಿಟ್‌ನ ನಾಲ್ಕು ಚಿತ್ರ ದಾಟುತ್ತವೆ, ಐದನೆಯದಕ್ಕೆ ಜಾಗ ಇಲ್ಲ. ತಾತ ಹೇಳಿದ ಅದೇ ಅಡ್ಡಿ, ಬೇರೆ ವೇಷ. ಈಗಿನ ಡೇಟಾ ಸೆಂಟರ್‌ಗಳ ನೆಟ್‌ವರ್ಕ್ ಜೋಡಣೆ ಕೂಡ ಕ್ಲೋಸ್ ಅವರ ಲೆಕ್ಕದ ಮೇಲೇ ನಿಂತಿದೆ.

ನನ್ನ ಕಥೆ ಒಂದು ಹೇಳಿಬಿಡುತ್ತೇನೆ. ಒಂದು ಹೋಟೆಲ್‌ನ ದೊಡ್ಡ ಹಾಲ್, ಮರುದಿನ ಮದುವೆ. ಚಿತ್ರ ಹಾಕಿದರೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಮತ್ತೆ ಹಾಕಿದರೆ ಬರುತ್ತದೆ, ಮತ್ತೆ ಹೋಗುತ್ತದೆ. ಡಿಕೋಡರ್ ಬದಲಿಸಿದೆ, ವೈರು ಬದಲಿಸಿದೆ. ರಾತ್ರಿ ಎರಡು ಗಂಟೆಗೆ ಸುಮ್ನೆ ಕೂತು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಪ್ರತಿ ಸಲವೂ 4 ನಿಮಿಷ 20 ಸೆಕೆಂಡ್ ಹತ್ತಿರ. ಆಗ ತಲೆಗೆ ಹೊಳೆಯಿತು. ಇದರಲ್ಲಿ ಚಿತ್ರ ಹೋಗುವುದು ಮಲ್ಟಿಕಾಸ್ಟ್ ಆಗಿ, ಅಂದರೆ ಒಮ್ಮೆ ಕಳಿಸಿದ್ದನ್ನು ಬೇಕು ಅಂದವರಿಗೆಲ್ಲ ಸ್ವಿಚ್ ಹಂಚುತ್ತದೆ. ಯಾರಿಗೆ ಬೇಕು ಅಂತ ಸ್ವಿಚ್ ಒಂದು ಪಟ್ಟಿ ಇಟ್ಟಿರುತ್ತದೆ. "ಇನ್ನೂ ಬೇಕಾ?" ಅಂತ 125 ಸೆಕೆಂಡಿಗೆ ಒಮ್ಮೆ ಕೇಳಲು ನೆಟ್‌ವರ್ಕ್‌ನಲ್ಲಿ ಒಬ್ಬ ಐಜಿಎಂಪಿ ಕ್ವೆರಿಯರ್ ಇರಬೇಕು. ಎರಡು ಸಲ ಕೇಳುವ ಕಾಲ, ಮೇಲೆ ಉತ್ತರಕ್ಕೆ 10 ಸೆಕೆಂಡ್, ಒಟ್ಟು 260. ಅಷ್ಟರೊಳಗೆ ಉತ್ತರ ಕಾಣದಿದ್ದರೆ ಸ್ವಿಚ್ ಪಟ್ಟಿಯಿಂದ ಹೆಸರು ಹೊಡೆಯುತ್ತದೆ. ನಮ್ಮಲ್ಲಿ ಕೇಳುವವನೇ ಇರಲಿಲ್ಲ. ಒಂದು ಟಿಕ್ ಹಾಕಿದೆ, ಮುಗಿಯಿತು. ಮದುವೆ ಚೆನ್ನಾಗಿ ಆಯಿತು.

ಅದಕ್ಕೇ ಹೇಳೋದು: ಐಪಿಗೆ ಹೋದರೆ ರಾತ್ರಿ ಎರಡು ಗಂಟೆಗೆ ಬರುವವನಿಗೆ ನೆಟ್‌ವರ್ಕ್ ಗೊತ್ತಿರಬೇಕು. ದೋಸೆ ಅಣ್ಣ, ನಿಮ್ಮ ಕಾರ್ಖಾನೆಯಲ್ಲಿ ಅಂಥವರು ಇದ್ದಾರಾ?

ಬೆಣ್ಣೆದೋಸೆ_ದಾವಣಗೆರೆ

ಐಟಿಯವರು ಇದ್ದಾರೆ, ಸಂಜೆ ಐದೂವರೆಗೆ ಬಸ್ ಹತ್ತುತ್ತಾರೆ.

ಸೀನ_ಸಿಂಗಪುರ

ಹಾಗಾದರೆ ಚಾಸಿಯನ್ನೇ ಪ್ರೀತಿಯಿಂದ ನೋಡಿಕೊಳ್ಳಿ. 20×18, ಎಲ್ಲ ಒಂದೇ ಕಟ್ಟಡ, ಮುಂದೆ ಬೆಳೆಯುವುದಿಲ್ಲ. ಇದಕ್ಕೆ ಐಪಿ ಬೇಕಾಗಿಲ್ಲ. ಮೂರು ಕಟ್ಟಡ, 90 ಪರದೆ, ವರ್ಷವರ್ಷ ಸೇರಿಸುತ್ತೇವೆ ಅಂತಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ.

ಪದ್ಮ_ಪ್ಯಾಚ್‌ಕಾರ್ಡ್

ಒಪ್ಪಿದೆ. ಈಗ ಆ ಐದನೇ ಪರದೆ ವಿಷಯ. ಎಚ್‌ಡಿಸಿಪಿಯಲ್ಲಿ ಪ್ರತಿ ಪರದೆಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ನಡುವೆ ಮ್ಯಾಟ್ರಿಕ್ಸ್ ಇದ್ದರೆ ಅದು ಕೆಳಗಿನ ಎಲ್ಲ ಪರದೆಗಳ ಗುರುತನ್ನೂ ಮೇಲೆ ಸೆಟ್‌ಟಾಪ್ ಬಾಕ್ಸಿಗೆ ಒಪ್ಪಿಸಬೇಕು. ನಿಯಮದ ಪ್ರಕಾರ ಹಳೆಯ 1.x ಆವೃತ್ತಿಯಲ್ಲಿ 127 ಸಾಧನದವರೆಗೆ ಹೋಗಬಹುದು, 2.x ಆವೃತ್ತಿಯಲ್ಲಿ 32. ಆದರೆ ಅದು ನಿಯಮದ ಪುಸ್ತಕ. ಮನೆಗೆ ಅಂತ ಮಾಡಿದ ಪೆಟ್ಟಿಗೆಯಲ್ಲಿ ಅಷ್ಟೊಂದು ಗುರುತು ಇಟ್ಟುಕೊಳ್ಳುವ ಜಾಗವನ್ನೇ ಕೊಟ್ಟಿರುವುದಿಲ್ಲ. ಮನೆಯಲ್ಲಿ ಹನ್ನೆರಡು ಟಿವಿ ಯಾರಿಗಿದೆ? ಮಿತಿ ದಾಟಿದ ಕೂಡಲೇ ಅದು ಎಲ್ಲರಿಗೂ ಚಿತ್ರ ನಿಲ್ಲಿಸುತ್ತದೆ. ಬೇರೆ ಕಂಪನಿಯ ಒಂದು ಬಾಕ್ಸ್ ಮನೆಯಿಂದ ತಂದು ಅದೇ ಇನ್‌ಪುಟ್‌ಗೆ ಹಾಕಿ ನೋಡಿ. ಐದಕ್ಕಿಂತ ಜಾಸ್ತಿ ಬಂದರೆ ಮ್ಯಾಟ್ರಿಕ್ಸ್ ನಿರಪರಾಧಿ.

ಗುಂಡ32

ಎಚ್‌ಡಿಸಿಪಿ ತೆಗೆದು ಹಾಕೋ ಸಣ್ಣ ಸ್ಪ್ಲಿಟರ್ ಸಿಗುತ್ತದೆ ಎಸ್‌ಪಿ ರೋಡ್‌ನಲ್ಲಿ, ನಾನೇ

ನಿರ್ವಾಹಕ

ಗುಂಡ, ಆ ಮಾತು ಇಲ್ಲಿ ಬೇಡ. ಉಳಿದದ್ದನ್ನು ಅಳಿಸಿದ್ದೇನೆ.

ಪದ್ಮ_ಪ್ಯಾಚ್‌ಕಾರ್ಡ್

ಕೊನೆಯದು ಕಂಪ್ರೆಸರ್. ಪರೀಕ್ಷೆ ಸರಳ. ರ‍್ಯಾಕ್ ಕಡೆ ಮಾತ್ರ 3 ಮತ್ತು 7ನೇ ಔಟ್‌ಪುಟ್‌ನ ಕೇಬಲ್ ಅದಲುಬದಲು ಮಾಡಿ, ಗೋಡೆ ಕಡೆ ಮುಟ್ಟಬೇಡಿ. ಕಂಪ್ರೆಸರ್ ಶುರುವಾದಾಗ ಮಿಣುಕು 3ನೇ ಪ್ಯಾನೆಲ್‌ಗೆ ಹೋದರೆ ಕಾರ್ಡ್ ತಪ್ಪು. 7ರಲ್ಲೇ ಉಳಿದರೆ ಕೇಬಲ್, ರಿಸೀವರ್ ಅಥವಾ ಪ್ಯಾನೆಲ್. ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಟ್ರೇಯಲ್ಲಿ, ಅದನ್ನೂ ನೋಡಿ. ಎಚ್‌ಡಿ ಬೇಸ್-ಟಿ ಲ್ಯಾನ್ ಕೇಬಲ್‌ನಲ್ಲೇ ಹೋಗುತ್ತದೆ, 100 ಮೀಟರ್ ಹೋಗುತ್ತದೆ ಅಂತ ಹೊಗಳುತ್ತಾರೆ, ಆದರೆ ಅದು ಲ್ಯಾನ್ ಅಲ್ಲ. ಲ್ಯಾನ್‌ನಲ್ಲಿ ಒಂದು ಪ್ಯಾಕೆಟ್ ಹಾಳಾದರೆ ಮತ್ತೆ ಕಳಿಸಬಹುದು. ಇಲ್ಲಿ ಚಿತ್ರ ಬಂದಂತೆ ಪರದೆಗೆ ಹೋಗುತ್ತಿರುತ್ತದೆ, ಹಾಳಾದರೆ ಕಣ್ಣಿಗೆ ಹೊಡೆಯುತ್ತದೆ.

*(ಆರು ದಿನದ ನಂತರ)*

ಬೆಣ್ಣೆದೋಸೆ_ದಾವಣಗೆರೆ

ವರದಿ ಒಪ್ಪಿಸುತ್ತಿದ್ದೇನೆ. ತಡವಾಯಿತು, ಕಂಪ್ರೆಸರ್ ಓವರ್‌ಹಾಲ್‌ಗೆ ಹೋಗಿತ್ತು, ಅದು ಬಾರದೆ ಪರೀಕ್ಷೆ ಮಾಡುವ ಹಾಗಿರಲಿಲ್ಲ.

ಆರನೇ ಪಿಸಿ ಆರು ದಿನದಿಂದ ಸರಿ ಇದೆ. ಸೆಟ್‌ಟಾಪ್ ಬಾಕ್ಸ್: ಮನೆಯದನ್ನು ತಂದು ಹಾಕಿದೆ (ಹೆಂಡತಿ ಸೀರಿಯಲ್ ಬಿಟ್ಟು ಎರಡು ಸಂಜೆ ಕೂತಳು, ಅದಕ್ಕೆ ಬೇರೆ ಲೆಕ್ಕ ಇದೆ). 12 ಪ್ಯಾನೆಲ್‌ಗೂ ಬಂತು, ಮೇಲೆ ನಾಲ್ಕು ಟಿವಿಗೂ ಬಂತು. ಹಳೆಯ ಬಾಕ್ಸ್‌ನದೇ ತಪ್ಪು. ಬದಲಿಸಿಕೊಡಲು ಅರ್ಜಿ ಹಾಕಿದ್ದೇನೆ.

ಈಗ ಕಂಪ್ರೆಸರ್. ಪದ್ಮ ಮೇಡಂ ಹೇಳಿದಂತೆ ರ‍್ಯಾಕ್ ಕಡೆ 3 ಮತ್ತು 7 ಬದಲಿಸಿದೆ. ಮಿಣುಕು 7ರಲ್ಲೇ ಉಳಿಯಿತು. ಕಾರ್ಡ್ ಸರಿ ಇದೆ. ಆಮೇಲೆ ಫಾಲ್ಸ್ ಸೀಲಿಂಗ್ ತೆಗೆದು ಕೇಬಲ್ ಹಿಂದೆ ಹೋದೆ. 7 ಮತ್ತು 8ರ ಕೇಬಲ್ ಮಾತ್ರ ಬೇರೆ ದಾರಿಯಲ್ಲಿ ಹೋಗಿವೆ, ಕಂಪ್ರೆಸರ್‌ನ ಪವರ್ ಕೇಬಲ್ ಇರುವ ಟ್ರೇಯಲ್ಲೇ, ಹನ್ನೆರಡು ಮೀಟರ್ ಉದ್ದಕ್ಕೂ ಅದಕ್ಕೆ ಅಂಟಿಕೊಂಡು. ಆ ಟ್ರೇ ಹಾಕಿಸಿದವನು ನಾನೇ. "ಜಾಗ ಇದೆ, ಇದರಲ್ಲೇ ಎಳೀರಿ" ಅಂತ ಹುಡುಗರಿಗೆ ಹೇಳಿದವನೂ ನಾನೇ. ಮೂರು ವರ್ಷ ಮ್ಯಾಟ್ರಿಕ್ಸ್‌ಗೆ ಬೈದೆ.

ಬಿಎನ್‌ಸಿ_ಬಸಣ್ಣ

ಒಪ್ಪಿಕೊಂಡಿರಲ್ಲ, ದೊಡ್ಡತನ ಬಿಡ್ರಿ. ನಾನಾಗಿದ್ದರೆ ಇಲಿ ಕಡಿದಿದೆ ಅಂತ ಬರೆಯುತ್ತಿದ್ದೆ.

ಪದ್ಮ_ಪ್ಯಾಚ್‌ಕಾರ್ಡ್

ಆ ಎರಡು ಕೇಬಲ್‌ಗಳ ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಕೆಂಪಾ, ಬಿಳಿಯಾ?

ಬೆಣ್ಣೆದೋಸೆ_ದಾವಣಗೆರೆ

ಬಿಳಿ!! ಹೊರಗೆ ಮಾತ್ರ ತಾಮ್ರದ ಬಣ್ಣ. ಉಳಿದ ಹತ್ತನ್ನೂ ನೋಡಿದೆ, ಇನ್ನೂ ಏಳು ಹಾಗೇ ಇವೆ. ಬಿಲ್ಲಿನಲ್ಲಿ ತಾಮ್ರ ಅಂತಿದೆ.

ಪದ್ಮ_ಪ್ಯಾಚ್‌ಕಾರ್ಡ್

ಅಂದುಕೊಂಡಿದ್ದೆ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಶೇ. 61ರಷ್ಟು ಮಾತ್ರ. ಅದೇ ಕೇಬಲ್‌ನಲ್ಲಿ ರಿಸೀವರಿಗೆ ಕರೆಂಟೂ ಹೋಗುತ್ತದಲ್ಲ, ಕಟ್ಟಿನ ನಡುವಿನ ಕೇಬಲ್‌ಗಳು ಬಿಸಿಯಾಗುತ್ತವೆ. ಹೊಸದಾಗಿ ಎಳೆಯುವಾಗ ಘನ ತಾಮ್ರ, 23 ಗೇಜ್, ಶೀಲ್ಡ್ ಇರುವ ಕ್ಯಾಟ್ 6ಎ ಲ್ಯಾನ್ ಕೇಬಲ್ ತಗೊಳ್ಳಿ. ಶೀಲ್ಡ್ ಎರಡೂ ತುದಿಯ ಕನೆಕ್ಟರ್‌ಗೆ ಸರಿಯಾಗಿ ಸೇರಬೇಕು, ಇಲ್ಲವಾದರೆ ಅದು ಆಂಟೆನಾ. ನಡುವೆ ಜಾಯಿಂಟ್ ಬೇಡ, ಉಳಿದ ಉದ್ದವನ್ನು ಚಕ್ಕುಲಿ ಸುತ್ತಿ ಇಡಬೇಡಿ, ಕೇಬಲ್ ಟೈ ಬಿಗಿಯಾಗಿ ಎಳೆಯಬೇಡಿ.

ಮತ್ತೆ ಇದು ಬೋನಸ್. ಎಂಟು ಸ್ಕಾಡಾ ಪಿಸಿಗಳಲ್ಲಿ ಆಪರೇಟರ್ ಮುಂದಿನ ಮಾನಿಟರ್ ಕೂಡ ಮ್ಯಾಟ್ರಿಕ್ಸ್ ಮೂಲಕ ಬರುತ್ತಿದೆಯಾ, ನೇರ ಇದೆಯಾ?

ಬೆಣ್ಣೆದೋಸೆ_ದಾವಣಗೆರೆ

ನೇರ. ಗ್ರಾಫಿಕ್ಸ್ ಕಾರ್ಡಿನ ಎರಡನೇ ಪೋರ್ಟ್ ಮಾತ್ರ ಮ್ಯಾಟ್ರಿಕ್ಸ್‌ಗೆ.

ಪದ್ಮ_ಪ್ಯಾಚ್‌ಕಾರ್ಡ್

ದೇವರು ದೊಡ್ಡವನು. ಹಾಗೇ ಇರಲಿ. ಚಾಸಿ ಸತ್ತ ರಾತ್ರಿ ಗೋಡೆ ಕಪ್ಪಾಗುತ್ತದೆ, ಪ್ಲಾಂಟ್ ನಿಲ್ಲುವುದಿಲ್ಲ. ಅದರ ಎರಡು ಪವರ್ ಸಪ್ಲೈಗಳನ್ನು ಬೇರೆ ಬೇರೆ ಯುಪಿಎಸ್‌ಗೆ ಕೊಡಿ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದ್ದನ್ನು ನಾನು ನೋಡಿದ್ದೇನೆ. ಮ್ಯಾಟ್ರಿಕ್ಸ್‌ನ ಸೆಟ್ಟಿಂಗ್‌ಗಳ ಫೈಲನ್ನು ಪೆನ್‌ಡ್ರೈವ್‌ಗೆ ತೆಗೆದು ರ‍್ಯಾಕ್ ಬಾಗಿಲಿಗೆ ಅಂಟಿಸಿಡಿ.

ಸೀನ_ಸಿಂಗಪುರ

ಪ್ರೀಸೆಟ್ (ಒಂದೇ ಗುಂಡಿಗೆ ಇಡೀ ಜೋಡಣೆ) ಮಾಡಿಕೊಟ್ಟಿದ್ದೀರಾ ಆಪರೇಟರ್‌ಗಳಿಗೆ? ಅವರು 20×18 ಗುಂಡಿಯ ಪುಟ ನೋಡಿಕೊಂಡು ಒತ್ತುತ್ತಿದ್ದರೆ ಅದೇ ಅರ್ಧ ತೊಂದರೆ.

ಬೆಣ್ಣೆದೋಸೆ_ದಾವಣಗೆರೆ

ನಿನ್ನೆ ಮಾಡಿದೆ. ಐದೇ ಗುಂಡಿ: ಹಗಲು, ರಾತ್ರಿ, ಶಟ್‌ಡೌನ್, ಬೆಂಕಿ, ಮೀಟಿಂಗ್. ರಾತ್ರಿ ಪಾಳಿಯವರು ಆರನೆಯದು ಬೇಕು ಅಂತಿದ್ದಾರೆ. 12 ಪ್ಯಾನೆಲ್‌ಗೂ ಕ್ರಿಕೆಟ್. ಈಗ ಬರುತ್ತದೆ ಅಂತ ಅವರಿಗೆ ಗೊತ್ತಾಗಿಬಿಟ್ಟಿದೆ.

ಮ್ಯಾನೇಜರ್‌ಗೆ ಉತ್ತರ ಕೊಟ್ಟೆ: ಚಾಸಿ ಬೇಡ, ಒಂಬತ್ತು ಕೇಬಲ್ ಮತ್ತು ಬೇರೆ ಟ್ರೇ ಈ ತಿಂಗಳ ಶಟ್‌ಡೌನ್‌ನಲ್ಲಿ, ವಾಲ್ ಪ್ರೊಸೆಸರ್ ಮುಂದಿನ ಬಜೆಟ್‌ನಲ್ಲಿ. ಅಂಕಿ ನೋಡಿ ಈ ಸಲ ಕುರ್ಚಿಯಲ್ಲೇ ಕೂತಿದ್ದರು.

ಪದ್ಮ_ಪ್ಯಾಚ್‌ಕಾರ್ಡ್

ಕಿತ್ತ ಕೇಬಲ್ ಗುಜರಿಗೆ ಹಾಕಬೇಡಿ. ಒಂದು ಮೀಟರ್ ನನಗೆ ಕೊರಿಯರ್ ಮಾಡಿ. ಹೊಸದಾಗಿ ಸೇರಿದ ಹುಡುಗರ ಕೈಗೆ ಅದನ್ನೂ ಒಂದು ಬ್ಲೇಡನ್ನೂ ಕೊಟ್ಟು ಕೂರಿಸುತ್ತೇನೆ.